ನಂಜನಗೂಡಿನಲ್ಲಿ ನಾನು ಕಾಣದ ಕನಸು

ನೀಲಾ, ನಿನ್ನ ಅವ್ವನಿಗೆ ವಾಸಿಯಾಗಿರಲಿಲ್ಲ. ನಂಜುಂಡಸ್ವಾಮಿ ನನ್ನ ಕನಸಿನಲ್ಲಿ ಬಂದು ಅಪ್ಪಣೆ ಕೊಡಲೂ ಇಲ್ಲ. ಆ ಕನಸನ್ನು ನಾನು ಕಾಣಲೇ ಇಲ್ಲ — ಕಪಿಲೆಯ ಮೆಟ್ಟಿಲ ಮೇಲೆ, ಬೆಳಗಿನ ಬಿಸಿಲಿನಲ್ಲಿ, ಪೂರ್ತಿ ಎಚ್ಚರವಾಗಿದ್ದುಕೊಂಡು, ಬಾಯಿಗೆ ಬಂದಂತೆ ಹುಟ್ಟಿಸಿ ಹೇಳಿದೆ.

ಆ ಸುಳ್ಳನ್ನು ನಿನಗೆ ಉಣಿಸಿ ಬೆಳೆಸಿದವಳೂ ನಾನೇ. ತಾಯಿಯಿಲ್ಲದ ಮಗು ನೀನು, ಊಟಕ್ಕೆ ಹಟ ಮಾಡುತ್ತಿದ್ದೆ. ತುತ್ತಿಗೊಂದು ಮಾತಿನಂತೆ ಹೇಳುತ್ತಿದ್ದೆ ನಾನು — ನಿನ್ನ ಅವ್ವನಿಗೆ ಮನಸ್ಸಿಗೆ ಮಂಕು ಕವಿದಿತ್ತು, ಕೆಮ್ಮೂ ಹತ್ತಿತ್ತು, ನಾವಿಬ್ಬರೂ ನಂಜನಗೂಡಿಗೆ ಹೋಗಿ ಸೇವೆಗೆ ನಿಂತೆವು, ಸ್ವಾಮಿ ನನ್ನ ಕನಸಿನಲ್ಲಿ ಬಂದ, ಅವಳಿಗೆ ವಾಸಿಯಾಯಿತು. ‘ಆಮೇಲೆ?’ ಎನ್ನುತ್ತಿದ್ದೆ ನೀನು. ಆಮೇಲೆ ಯಾವುದೋ ಜ್ವರ ಬಂತು, ಶಿವ ಕರೆದುಕೊಂಡ. ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದೆ! ಹೇಳಿ ಹೇಳಿ ನನಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ಹೋದ ವಾರ ನಿನ್ನನ್ನು ನೋಡಲು ದೇವನೂರಿಗೆ ಬಂದೆನಲ್ಲ. ನಿನ್ನ ಕೂಸು ಹುಟ್ಟಿ ಕಣ್ಣು ಬಿಡುವ ಮೊದಲೇ ಹೋದಾಗಿನಿಂದ ನೀನು ಹೀಗಾಗಿದ್ದೀಯೆಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಿನ್ನ ಅತ್ತೆ ಪಾಪ ಒಳ್ಳೆಯವಳು, ನಿನ್ನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ಸೇವೆ ಮಾಡಿಸಿದ್ದಳು. ಕನಸು ಬೀಳಲಿಲ್ಲ. ಕೊನೆಗೆ ಬೆಳೆ ಕೊಯ್ಲಿಗೆ ಬಂತೆಂದು ವಾಪಸು ಕರೆತಂದಿದ್ದಳು. ನಾನು ಬೆನ್ನು ಸವರಿದಾಗ ನೀನು ಈ ಕಡೆ ತಿರುಗದೆಯೇ ಒಂದು ಮಾತು ಕೇಳಿದೆ.

“ಅವ್ವಂಗೋಸ್ಕರ ಬಂದ ಸ್ವಾಮಿ ನಂಗ್ಯಾಕ್ ಬರ್ನಿಲ್ಲ ಚಿಕ್ಕವ್ವ? ನಂದೇ ಏನೋ ಪಾಪ ಇರ್ಬೇಕು.”

ಆಗ ಹೇಳಬೇಕಾಗಿತ್ತು. ಹೇಳಲಿಲ್ಲ. “ಬತ್ತಾನೆ ಬುಡು ಕೂಸು” ಎಂದೆ — ಮತ್ತೆ ಅದೇ ಸುಳ್ಳಿಗೆ ನೀರೆರೆದು ಬಂದೆ! ಹೊರಡುವಾಗ ನಿನ್ನ ಅತ್ತೆ ಬಾಗಿಲ ಹೊರಗೆ ನನ್ನ ಕೈ ಹಿಡಿದು, ನೀನು ಯಾರಿಗೂ ಕೇಳಿಸದಂತೆ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮುತ್ತೀಯೆಂದು ಹೇಳಿದಳು. ಗಾಡಿ ಹತ್ತಿದವಳಿಗೆ ನಮ್ಮ ನರಸೀಪುರ ಬಂದದ್ದೇ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಳ್ಳುವುದನ್ನು ನಾನು ಹಿಂದೆ ಒಮ್ಮೆ ನೋಡಿದ್ದೇನೆ, ನೀಲಾ.

ನಿನ್ನ ಅವ್ವ ಚೆನ್ನಾಜಮ್ಮ ನನಗೆ ವಾರಗಿತ್ತಿ — ಅವಳು ಹಿರಿಯ ಸೊಸೆ, ನಾನು ಕಿರಿಯವಳು. ಹೆಮ್ಮಿಗೆಯಿಂದ ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಮುದ್ದೆ ಕಟ್ಟಲೂ ಬರುತ್ತಿರಲಿಲ್ಲ. ಗಂಟುಗಂಟಾದ ನನ್ನ ಮೊದಲ ಮುದ್ದೆಯನ್ನು ನಮ್ಮ ಅತ್ತೆಯ ಕಣ್ಣಿಗೆ ಬೀಳದಂತೆ ತನ್ನ ತಟ್ಟೆಗೆ ಹಾಕಿಕೊಂಡು, “ಏನಮ್ಮಿ, ನಿಮ್ಮೂರಲ್ಲಿ ಮುದ್ದೆಗೂ ಮೂಳೆ ಆಕ್ತರಾ?” ಎಂದು ನಕ್ಕವಳು. ನಾನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದ ಅಕ್ಕನನ್ನು ನಾನು ಅಷ್ಟು ಹಚ್ಚಿಕೊಂಡಿರಲಿಲ್ಲ. ಅವಳಿದ್ದ ಮನೆಯಲ್ಲಿ ನೀರು ಸೇದುವುದೂ ಒಂದು ಸಡಗರವಾಗಿತ್ತು — ಈಗ ಹೇಳಿದರೆ ನಿನಗೆ ನಂಬಿಕೆ ಬರುತ್ತದೋ ಇಲ್ಲವೋ.

ಪ್ಲೇಗು ಬಂದು ಊರೆಲ್ಲ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡ ವರ್ಷ ನಿನ್ನ ಅಣ್ಣ ಮಾದೇವ ಹೋದ. ನೀನಾಗ ಇನ್ನೂ ಮೊಲೆ ಕುಡಿಯುವ ಕೂಸು. ಪ್ಲೇಗು ಇಳಿದು ನಾವು ಮನೆಗೆ ಮರಳಿದೆವು, ಅಕ್ಕ ಮರಳಲಿಲ್ಲ. ಅಂದರೆ ಬಂದಳು, ಒಲೆಯ ಮುಂದೆ ಕೂತಳು, ಆದರೆ ಬೆಂಕಿ ಆರಿಹೋದರೂ ಹಾಗೆಯೇ ಕೂತಿರುತ್ತಿದ್ದಳು. ನೀನು ಅತ್ತರೆ ಯಾರದೋ ಮಗು ಅಳುತ್ತಿದೆಯೆಂಬಂತೆ ನೋಡುತ್ತಿದ್ದಳು. ನಿನ್ನನ್ನು ನಾನೆತ್ತಿಕೊಂಡೆ. ಒಮ್ಮೆ ತಲೆ ಬಾಚಿ ಕೊಡುವಾಗ, “ಒಳಗೆ ಯಾರೂ ಇಲ್ಲ ಕಣಮ್ಮಿ, ಬರೀ ಮನೆ” ಎಂದಳು. ಮರುವರ್ಷ ಕೆಮ್ಮು ಹತ್ತಿತು, ಮೈ ಕರಗತೊಡಗಿತು. ನರಸೀಪುರದ ಆಸ್ಪತ್ರೆಯ ಡಾಕ್ಟರು ಎದೆಗೆ ನಳಿಗೆಯಿಟ್ಟು ನೋಡಿ, ಎದೆಯ ಕಾಯಿಲೆ ಶುರುವಾಗಿದೆ, ಹಾಲು ಕುಡಿಸಿ, ಗಾಳಿ ಬೆಳಕಿನಲ್ಲಿಡಿ, ಆಗಾಗ ಕರೆತಂದು ತೋರಿಸುತ್ತಿರಿ ಎಂದರು. ನಮ್ಮ ಅತ್ತೆ ಅದೆಲ್ಲ ಸರಿ, ಮೊದಲು ನಂಜನಗೂಡು ಎಂದರು.

ಸೇವೆಗೆ ನಿಲ್ಲುವುದೆಂದರೆ ಏನೆಂದು ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಪ್ರದಕ್ಷಿಣೆ ಹಾಕಿ, ಗುಡಿಯ ಅಂಗಳ ಗುಡಿಸಿ, ಒಪ್ಪತ್ತು ಊಟ ಮಾಡಿಕೊಂಡು ಇರುವುದು. ಕನಸಿನಲ್ಲಿ ಅಪ್ಪಣೆಯಾಗುವವರೆಗೆ ಊರು ಬಿಡುವ ಹಾಗಿಲ್ಲ. ರೋಗಿಯ ಜೊತೆ ನಿಂತವರೂ ಅದೇ ನೇಮ ಹಿಡಿಯಬೇಕು. ಅಪ್ಪಣೆ ಇಬ್ಬರಲ್ಲಿ ಯಾರಿಗೆ ಆದರೂ ನಡೆಯುತ್ತದೆ. ಜೊತೆಗೆ ಯಾರು ಹೋಗುತ್ತೀರಿ ಎಂದು ಅತ್ತೆ ಕೇಳಿದಾಗ ನಾನು ಎಲ್ಲರಿಗಿಂತ ಮೊದಲು ‘ನಾನು’ ಎಂದೆ. ಯಾರೂ ಬಲವಂತ ಮಾಡಲಿಲ್ಲ. ನಿನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ ನಾವಿಬ್ಬರೂ ಗಾಡಿಯಲ್ಲಿ ಹೊರಟೆವು.

ಛತ್ರದ ಹಜಾರದ ಒಂದು ಮೂಲೆ ನಮ್ಮದಾಯಿತು. ನಮ್ಮ ಪಕ್ಕದಲ್ಲಿ ತಾಂಡವಪುರದ ಒಬ್ಬ ಅಜ್ಜಿ, ಕಾಲು ಬಾತುಕೊಂಡು ನಡೆಯಲಾರದವಳು, ನಮಗಿಂತ ಬಹಳ ಮೊದಲಿನಿಂದ ಕಾಯುತ್ತಿದ್ದಳು. ಮೊದಮೊದಲು ಅಕ್ಕ ನಾನು ನಡೆಸಿದ ಕಡೆ ನಡೆಯುತ್ತಿದ್ದಳು, ಕೂರಿಸಿದ ಕಡೆ ಕೂರುತ್ತಿದ್ದಳು, ಅಷ್ಟೆ. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬಾಯಿ ಜೋರು, ಆದರೆ ಇಂಥ ಹೊತ್ತಿಗೆ ಒಂದು ಮಾತೂ ತೋಚುವುದಿಲ್ಲ. ಅದಕ್ಕೇ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ, ಸೀರೆ ಒಣಗುವವರೆಗೆ, ಹೊಳೆ ನೋಡಿಕೊಂಡು.

ಒಂದು ದಿನ ಯಾವುದೋ ಊರಿನ ತಂದೆಮಕ್ಕಳು ಮುಡಿ ಕೊಟ್ಟು, ಬೋಳು ತಲೆಗೆ ಗಂಧ ಬಳಿದುಕೊಂಡು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಅಕ್ಕ ಬಹಳ ಹೊತ್ತು ನೋಡಿದಳು. “ಯಾರಮ್ಮಿ ಅದು, ಬೂದುಗುಂಬ್ಳಕಾಯ ಬಿಸ್ಲಿಗೆ ಆಕಿರೋರು?” ಎಂದಳು. ನಾನು ನಗಲಿಲ್ಲ — ಅಳು ಬಂತು. ಮಾದೇವ ಹೋದ ಮೇಲೆ ಅವಳ ಬಾಯಿಂದ ಬಂದ ಮೊದಲ ಕೀಟಲೆಯ ಮಾತು ಅದು.

ಆಮೇಲೆ ಒಂದೊಂದಾಗಿ ಮಾತು ಹೊರಡತೊಡಗಿತು. ಆ ಮೆಟ್ಟಿಲ ಮೇಲೆಯೇ, ಯಾರಿಗೂ ಹೇಳದಿದ್ದ ಒಂದನ್ನು ನನಗೆ ಹೇಳಿದಳು. ಹೊಲದ ಗುಡಿಸಲಿನಲ್ಲಿದ್ದಾಗ ಮಾದೇವ ತನ್ನ ಬುಗುರಿ ಊರ ಮನೆಯಲ್ಲಿ ಉಳಿದಿದೆಯೆಂದು ಗೋಳು ಹೊಯ್ದುಕೊಂಡನಂತೆ. ಪ್ಲೇಗಿನ ಇಲಿ ಸತ್ತುಬಿದ್ದ ಮನೆಗೆ ಯಾರೂ ಹೋಗಬಾರದೆಂದು ಗೊತ್ತಿತ್ತು. “ನಾನೇ ಬೀಗದ ಕೈ ಕೊಟ್ಟು, ಬಿರ್ನೆ ಓಗಿ ಬಾ ಅಂದೆ ಕಣಮ್ಮಿ,” ಎಂದಳು. ಬುಗುರಿ ತಂದ. ಜ್ವರವನ್ನೂ ತಂದ. ನಾನು ಏನೋ ಹೇಳಲು ಬಾಯಿ ತೆರೆದೆ. “ಏನೂ ಯೋಳ್ಬ್ಯಾಡ. ಇಂಗೇ ಕೂತ್ಕೊ,” ಎಂದು ನನ್ನ ಕೈ ಹಿಡಿದುಕೊಂಡಳು. ಮಧ್ಯಾಹ್ನ ತಾನಾಗಿಯೇ ಒಂದು ರಸಬಾಳೆ ಕೇಳಿ ತಿಂದಳು.

ಅವಳು ವಾಸಿಯಾಗುತ್ತಿದ್ದಳೇ? ಕೆಮ್ಮಿನ ಮಾತು ನಾನು ಹೇಳಲಾರೆ, ಅದು ಇದ್ದ ಹಾಗೇ ಇತ್ತು. ಆದರೆ ಆ ಬರೀ ಮನೆಯೊಳಗೆ ಯಾರೋ ಒಬ್ಬರು ದೀಪ ಹಿಡಿದು ಓಡಾಡುವ ಹಾಗೆ ಆಗತೊಡಗಿತ್ತು. ಇನ್ನೂ ಸ್ವಲ್ಪ ಕಾಲ — ಎಷ್ಟು ಕಾಲವೋ, ಒಂದು ತಿಂಗಳೋ, ಒಂದು ವರ್ಷವೋ — ನಾನು ಹಾಗೆಯೇ ಕೂತಿದ್ದರೆ...

ಕೂರಲಿಲ್ಲ. ಯಾಕೆ ಕೂರಲಿಲ್ಲವೆಂದು ನಿನಗೆ ಹೇಳಲು ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ. ನನಗೆ ನನ್ನ ಗಂಡ ಬೇಕಾಗಿತ್ತು. ನಾನು ದೊಡ್ಡವಳಾಗಿ, ನಿನ್ನ ಚಿಕ್ಕಪ್ಪನೊಡನೆ ಸಂಸಾರ ಶುರುಮಾಡಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವರು ರಾಗಿ, ಬೇಳೆ ತಂದುಕೊಡಲು ನಂಜನಗೂಡಿಗೆ ಬಂದರು. ನೇಮದಲ್ಲಿದ್ದವಳನ್ನು ಮುಟ್ಟುವಂತಿಲ್ಲ. ಮಂಟಪದ ಕಂಬಕ್ಕೆ ಒರಗಿ ನಿಂತು, “ಇನ್ನೂ ಎಷ್ಟ್ ದಿನಮ್ಮಿ?” ಎಂದರು. ಅಷ್ಟೇ ಕೇಳಿದ್ದು. ಅವರ ಗಾಡಿ ಹೋದ ದಾರಿಯನ್ನು ನೋಡುತ್ತ ನಿಂತ ನನಗೆ ಆ ಒದ್ದೆ ಸೀರೆ, ಒಪ್ಪತ್ತಿನ ಊಟ, ಪರರ ಕೆಮ್ಮು — ಹೌದು, ಪರರ ಕೆಮ್ಮು ಎಂದೇ ನನ್ನ ಮನಸ್ಸು ಅಂದಿತು — ಎಲ್ಲವೂ ಬೇಸರವಾಗಿ ಹೋಯಿತು.

ಮರುದಿನ ಬೆಳಿಗ್ಗೆ ಹೊಳೆಯಿಂದ ಎದ್ದು ಬಂದು ಸೀರೆ ಹಿಂಡುತ್ತಿದ್ದ ಅಕ್ಕನಿಗೆ ಹೇಳಿದೆ.

“ಅಕ್ಕ, ರಾತ್ರಿ ಸ್ವಾಮಿ ಬಂದಿದ್ದ. ವಾಸಿಯಾಯ್ತು, ಮನೆಗೋಗಿ ಅಂದ.”

ಅವಳ ಕೈಯಿಂದ ಸೆರಗು ಜಾರಿತು. “ನಿಂಗಾ? ನಿಜ್ವಾಗ್ಲೂ?” ಎಂದು ಎರಡೆರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ. ಅವಳು ಮೆಟ್ಟಿಲ ಮೇಲೆ ಕೂತು, ಎದೆಯ ಮೇಲೆ ಅಂಗೈ ಇಟ್ಟುಕೊಂಡು, ತನ್ನ ಒಳಗೆ ತಾನೇ ಏನನ್ನೋ ಹುಡುಕುವವಳಂತೆ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಮೆಲ್ಲಗೆ, “ವಾಸಿಯಾಗೋದು ಅಂದ್ರೆ ಇಂಗಿರ್ತದಾ? ಇನ್ನೂ ಭಾರ್ವಾಗೇ ಅದೆ ಕಣಮ್ಮಿ... ಸ್ವಾಮಿನೇ ಯೋಳವ್ನೆ ಅಂದ್ಮೇಲೆ ಓಯ್ತದೆ ಬುಡು,” ಎಂದಳು. ಅಲ್ಲಾದರೂ ನಾನು ಬಾಯಿ ಬಿಡಬಹುದಾಗಿತ್ತು. ತಮಾಷೆಗೆ ಅಂದೆ ಅಕ್ಕ, ಎನ್ನಬಹುದಾಗಿತ್ತು. ಅವಳು ಬೈದು ನಕ್ಕುಬಿಡುತ್ತಿದ್ದಳು.

ಛತ್ರದಲ್ಲಿ ಸುದ್ದಿ ಹರಡಿತು. ತಾಂಡವಪುರದ ಅಜ್ಜಿ ಕಾಲೆಳೆದುಕೊಂಡು ಬಂದು ನನ್ನ ಗಲ್ಲ ಹಿಡಿದು, “ಪುಣ್ಯವಂತೆ ಕಣವ್ವ ನೀನು. ಎಂಗಿದ್ದ? ಏನ್ ಉಟ್ಟಿದ್ದ? ಯೋಳು ತಾಯಿ, ಕಿವಿಲಾದ್ರೂ ಕೇಳ್ಕೊತೀನಿ,” ಎಂದು ಅತ್ತಳು. ಹಿಂದಿನ ದಿನ ಭಿಕ್ಷೆಗೆ ಬಂದಿದ್ದ ಒಬ್ಬ ಮುದಿ ಜಂಗಮನ ರೂಪವನ್ನೇ ವರ್ಣಿಸಿದೆ — ಬಿಳಿ ಗಡ್ಡ, ಕೈಯಲ್ಲಿ ಬೆತ್ತ, ಬಿಲ್ವಪತ್ರೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಾನು ಕಾಯಿ ಒಡೆಸಿ, ಗಂಟು ಕಟ್ಟಿ, ಅಕ್ಕನನ್ನು ಕರೆದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಆರತಿ ಎತ್ತಿದರು. ಬೀದಿಯ ಹೆಂಗಸರು ಸ್ವಾಮಿ ವಾಸಿ ಮಾಡಿದವಳನ್ನು ನೋಡಲು ಬಂದರು, ತಮ್ಮ ಸೀಕು ಮಕ್ಕಳ ತಲೆಯ ಮೇಲೆ ಅವಳ ಕೈ ಇಡಿಸಿಕೊಂಡು ಹೋದರು. ಅಕ್ಕ ಎಲ್ಲರಿಗೂ ನಕ್ಕಳು. ನಿನ್ನನ್ನು ಎತ್ತಿಕೊಂಡಳು, ಒಲೆ ಹಚ್ಚಿದಳು. ಅವಳಿಗೆ ಹಾಲು ಕೊಡುವುದನ್ನು ಅತ್ತೆ ನಿಲ್ಲಿಸಿದರು, ಆಸ್ಪತ್ರೆಯ ಮಾತೇ ಮರೆತುಹೋಯಿತು — ವಾಸಿಯಾದವಳಿಗೆ ಅವೆಲ್ಲ ಯಾಕೆ? ನನಗೆ ನನ್ನ ಗಂಡ ಸಿಕ್ಕಿದ, ಸ್ವಲ್ಪ ದಿನಕ್ಕೇ ಬಸಿರೂ ಆಯಿತು. ಮೆಟ್ಟಿಲ ಮೇಲೆ ಕೂತು ಹಿಡಿದುಕೊಂಡಿದ್ದ ಕೈಯನ್ನು ನಾನು ಆಮೇಲೆ ಒಂದು ದಿನವೂ ಹಿಡಿಯಲಿಲ್ಲ. ಪುರುಸೊತ್ತಾಗಲಿಲ್ಲ ಎಂದುಕೊಳ್ಳುತ್ತಿದ್ದೆ.

ಒಂದು ಮುಂಜಾನೆ ಕೊಟ್ಟಿಗೆಗೆ ಹೋದರೆ ಅವಳು ಹುಲ್ಲಿನ ಮೆದೆಯ ಹಿಂದೆ ಬಗ್ಗಿ ನಿಂತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಬೆನ್ನು ಎಗರೆಗರಿ ಬೀಳುತ್ತಿತ್ತು. ಸೆರಗು ತೆಗೆದಾಗ ರಕ್ತ ಕಂಡಿತು. ನನ್ನನ್ನು ನೋಡಿ ಅವಳು ಹೆದರಿದಳು, ನೀಲಾ — ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ.

“ಯಾರ್ಗೂ ಯೋಳ್ಬ್ಯಾಡ ಕಣಮ್ಮಿ,” ಎಂದಳು. “ಒಳಗ್ಳ ಕತ್ಲೆನೂ ಓಗಿಲ್ಲ, ಇದೂ ಓಗಿಲ್ಲ. ಸ್ವಾಮಿ ವಾಸಿ ಮಾಡವ್ನೆ, ನಾನೇ ಏನೋ ತಪ್ಪು ಮಾಡಿವ್ನಿ. ಗೊತ್ತಾದ್ರೆ ಅವ್ನ್ ಎಸರು ಕೆಡ್ತದೆ.”

ಸ್ವಾಮಿಯ ಹೆಸರು! ಕಾಯಿಲೆ ಹೊತ್ತುಕೊಂಡು, ಅದರ ಮೇಲೆ ದೇವರ ಮಾನವನ್ನೂ ಹೊತ್ತುಕೊಂಡು, ಯಾರಿಗೂ ಹೇಳಿಕೊಳ್ಳುವಂತಿಲ್ಲದೆ ಅವಳು ನಗುತ್ತ ಓಡಾಡಿದ್ದಳು. ಮೊದಲು ಕನಿಷ್ಠ ಪಕ್ಷ ಕಾಯಿಲೆಯವಳಾಗಿರಲು ಅವಳಿಗೆ ಹಕ್ಕಿತ್ತು. ಅದನ್ನೂ ನಾನು ಕಿತ್ತುಕೊಂಡಿದ್ದೆ. ಒಂದು ಮಾತು — ಕನಸು ಸುಳ್ಳು ಅಕ್ಕ, ನಿನ್ನ ತಪ್ಪೇನೂ ಇಲ್ಲ — ಆ ಒಂದು ಮಾತು ಹೇಳಿದ್ದರೆ ಅವತ್ತೇ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರೆದೊಯ್ಯಬಹುದಾಗಿತ್ತು. ನನ್ನ ಹೊಟ್ಟೆಯಲ್ಲಿ ಮಗುವಿತ್ತು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದವಳೆಂದು ಗೊತ್ತಾದರೆ ಅತ್ತೆ ಏನೆನ್ನುತ್ತಾರೋ, ಗಂಡ ಏನೆನ್ನುತ್ತಾನೋ, ಮಗುವಿಗೆ ಏನಾಗುತ್ತದೋ ಎಂದು ಹೆದರಿದೆ. ಹೆದರಿಕೆ ನಿಜ. ಆದರೆ ನೆಪ ಹೇಳಲು ಇದನ್ನು ಹೇಳುತ್ತಿಲ್ಲ; ಹೀಗಿತ್ತೆಂದು ಹೇಳುತ್ತಿದ್ದೇನೆ. “ಆಯ್ತಕ್ಕ, ಯೋಳಕಿಲ್ಲ” ಎಂದು ಮಾತು ಕೊಟ್ಟೆ. ಆ ಮಾತನ್ನು ಮಾತ್ರ ಚೆನ್ನಾಗಿ ಉಳಿಸಿಕೊಂಡೆ.

ಅವಳು ಹಾಸಿಗೆ ಹಿಡಿದ ಮೇಲೆ ಡಾಕ್ಟರು ಮನೆಗೆ ಬಂದರು. ಮೊದಲೇ ಯಾಕೆ ಕರೆತರಲಿಲ್ಲ ಎಂದು ನಿನ್ನ ಅಪ್ಪನ ಮೇಲೆ ರೇಗಿದರು. ಅವರಾದರೂ ಏನು ಹೇಳುತ್ತಾರೆ? ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಬಾಗಿಲ ಮರೆಯಲ್ಲಿ ನಿಂತಿದ್ದಳು.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದಳು. ಧ್ವನಿ ಅಡಗಿಹೋಗಿತ್ತು. “ಸ್ವಾಮಿ ಇನ್ನೊಂದ್ಸಲ ಬಂದಿದ್ನಾ, ನಿನ್ ಕನಸ್ಗೆ?” ಎಂದು ಕೇಳಿದಳು. ಎಷ್ಟು ಆಸೆಯಿತ್ತು ಆ ಕಣ್ಣಿನಲ್ಲಿ! ನಾನು “ಇಲ್ಲ ಅಕ್ಕ” ಎಂದೆ. ಅಷ್ಟಕ್ಕೇ ನಿಲ್ಲಿಸಿದೆ, ಮೊದಲ ಸಲವೂ ಬಂದಿರಲಿಲ್ಲ ಎಂದು ಹೇಳಲಿಲ್ಲ. ಅವಳು ‘ಹೂಂ’ ಎಂದು ಗೋಡೆಯ ಕಡೆ ತಿರುಗಿದಳು. ದೇವರೇ ತನ್ನ ಕೈಬಿಟ್ಟನೆಂದು ತಿಳಿದುಕೊಂಡು ಸತ್ತಳು ನಿನ್ನ ಅವ್ವ. ಕೈಬಿಟ್ಟವಳು ನಾನು, ಪಕ್ಕದಲ್ಲೇ ಕೂತಿದ್ದೆ.

ನೀನು ಅವಳನ್ನು ಕಾಣದೆ ಬೆಳೆದೆ, ನಿನಗೆ ಅವಳ ಆಸೆ ಇರುವುದು ಸಹಜ. ನನ್ನ ಆಸೆಯನ್ನು ಯಾರಿಗೆ ಹೇಳಲಿ? ಸಂಗಮಕ್ಕೆ ನೀರಿಗೆ ಹೋದಾಗ, ಕಪಿಲೆಯ ನೀರು ಬಂದು ಕಾವೇರಿಗೆ ಸೇರುವುದನ್ನು ನೋಡಿದರೆ, ಅದು ಆ ಮೆಟ್ಟಿಲುಗಳನ್ನು ಮುಟ್ಟಿ ಬಂದ ನೀರಲ್ಲವೇ ಅನ್ನಿಸುತ್ತದೆ. ಆ ಒದ್ದೆ ಸೀರೆಯ ದಿನಗಳಷ್ಟು ಒಳ್ಳೆಯ ದಿನ ನನ್ನ ಬದುಕಿನಲ್ಲಿ ಆಮೇಲೆ ಬರಲಿಲ್ಲ ಎಂದರೆ ನಿನ್ನ ಚಿಕ್ಕಪ್ಪನಿಗೆ ಬೇಸರವಾದೀತು. ಆದರೂ ನಿಜ. ಇನ್ನೊಂದು ದಿನ, ಒಂದೇ ದಿನ, ಅವಳು ‘ಇಂಗೇ ಕೂತ್ಕೊ’ ಎಂದರೆ ಸಾಕಾಗಿತ್ತು. ಕನಸಿನಲ್ಲಾದರೂ ಬರಲಿ, ಬೈಯಲಾದರೂ ಬರಲಿ ಎಂದು ಕಾಯುತ್ತೇನೆ. ಒಂದು ಸಲವೂ ಬಂದಿಲ್ಲ.

ನಾಳೆ ಗಾಡಿ ಕಟ್ಟಿಸಿಕೊಂಡು ದೇವನೂರಿಗೆ ಬರುತ್ತೇನೆ. ನಿನ್ನೆದುರು ನಾಲಿಗೆ ಒಣಗದಿರಲೆಂದೇ ಇಷ್ಟನ್ನೂ ಇಲ್ಲಿ, ಒಬ್ಬಳೇ, ಮೊದಲು ಹೇಳಿಕೊಂಡದ್ದು. ಬಂದವಳೇ ನಿನ್ನ ಅತ್ತೆಯ ಮುಂದೆ, ನಿನ್ನ ಗಂಡನ ಮುಂದೆ ಇದನ್ನು ಹೇಳುತ್ತೇನೆ. ನಿನಗೆ ಕನಸು ಬೀಳದೆ ಇದ್ದದ್ದು ನಿನ್ನ ಪಾಪದಿಂದಲ್ಲ. ನಿನ್ನ ಅವ್ವನಿಗೂ ಯಾವ ಸ್ವಾಮಿಯೂ ಅಪ್ಪಣೆ ಕೊಟ್ಟಿರಲಿಲ್ಲ. ಅವಳೂ ನಿನ್ನ ಹಾಗೆಯೇ ಗೋಡೆ ನೋಡುತ್ತ ಮಲಗಿದ್ದಳು, ನಿನ್ನ ಹಾಗೆಯೇ ಏನೂ ತಪ್ಪು ಮಾಡಿರಲಿಲ್ಲ. ಕೆಮ್ಮು ಬಂದರೆ ಎಲ್ಲರಿಗೂ ಕೇಳಿಸುವಂತೆ ಕೆಮ್ಮು. ನಂಜನಗೂಡಿನಿಂದ ಮೈಸೂರಿಗೆ ರೈಲಿದೆ, ದೊಡ್ಡ ಆಸ್ಪತ್ರೆಯಿದೆ. ನಾನು ಕರೆದುಕೊಂಡು ಹೋಗುತ್ತೇನೆ.

ವಾಸಿಯಾಗುತ್ತದೆ ಎಂದು ಹೇಳಲಾರೆ. ನನಗೆ ಗೊತ್ತಿಲ್ಲ, ಆ ಮಾತನ್ನು ಇನ್ನೊಮ್ಮೆ ನನ್ನ ಬಾಯಿಂದ ಆಡುವ ಯೋಗ್ಯತೆಯೂ ನನಗಿಲ್ಲ. ನೀನು ಮಾತಾಡಬೇಕಾಗಿಲ್ಲ, ನಗಬೇಕಾಗಿಲ್ಲ, ನನ್ನನ್ನು ಕ್ಷಮಿಸಬೇಕಾಗಿಯೂ ಇಲ್ಲ. ಇಷ್ಟೆಲ್ಲ ಕೇಳಿದ ಮೇಲೆ ನನ್ನ ಮುಖ ನೋಡಲು ಮನಸ್ಸು ಬಾರದಿದ್ದರೆ ಬಾಗಿಲು ಹಾಕಿಕೋ, ಅದು ನ್ಯಾಯವೇ. ನಾನು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ಈ ಸಲ ಮೊದಲು ಎದ್ದು ಹೋಗುವವಳು ನಾನಾಗುವುದಿಲ್ಲ.